ಅಕ್ಕನ ಪಟ್ಟಿ

ಫೆಬ್ರವರಿ ೩, ಸೋಮವಾರ. ಬೆಳಿಗ್ಗೆ ೮.೫೦

ಅದೇ ಬಸ್ಸು, ಅದೇ ಕಿಟಕಿ, ಅದೇ ಮೂರನೇ ಮಹಡಿ. ಕಾಫಿ ಯಂತ್ರದ ಗುಂಡಿಯನ್ನು ಎರಡು ಸಲ ಒತ್ತಬೇಕು. ಮೂರನೇ ಸಲ ಒತ್ತಿದರೆ ಬರೀ ಬಿಸಿನೀರು. ಮಣಿಕಟ್ಟಿಗೆ ಬೆಲ್ಟ್ ಬಿಗಿದುಕೊಂಡೆ. ದೂರದ ಕನ್ನಡಕ ತೆಗೆದು ಹತ್ತಿರದ್ದು ಏರಿಸಿದೆ. ರಾಶಿ ಮೇಲ್. ಓದಬೇಕಾದ್ದು ಒಂದೇ — ಹತ್ತು ಗಂಟೆಗೆ ಮ್ಯಾನೇಜರ್ ರೂಮಿಗೆ ಬರಬೇಕಂತೆ. ವಿಷಯ ಬರೆದಿಲ್ಲ. ಬರೆಯದಿದ್ದರೂ ಗೊತ್ತು.

ಅದೇ ದಿನ, ೧೧.೩೦

ಊಹಿಸಿದ್ದೇ. ನಮ್ಮ ಆ್ಯಪ್ ನಿಂತಿರುವ ಫ್ರೇಮ್‌ವರ್ಕ್‌ನ ಹೊಸ ರಚನೆಗೆ ಹೋಗಬೇಕೋ ಬೇಡವೋ... ನಾನು ಒಂದು ಪುಟದ ಅಭಿಪ್ರಾಯ ಬರೆದು ಕೊಡಬೇಕು. ಹದಿನೆಂಟರ ಮೀಟಿಂಗ್‌ನಲ್ಲಿ ನಿರ್ಧಾರ. "ನೀವು ಹೂಂ ಅಂದ್ರೆ ಹೂಂ, ಬೇಡ ಅಂದ್ರೆ ಬೇಡ ಮೇಡಂ. ನಿಮ್ಮಷ್ಟು ಇದನ್ನ ಬಲ್ಲೋರು ಯಾರಿದಾರೆ?" ಎಂದ. ಹೊಗಳಿಕೆ ಮುಗಿದ ಮೇಲೆ ಬಾಲ ಬಂತು. ಹೊಸದಕ್ಕೆ ಹೋದರೆ ಹಳೆಯದನ್ನು ನೋಡಿಕೊಳ್ಳುವವರು ಬೇಕಿಲ್ಲವಲ್ಲ, ಆಗ ನನ್ನನ್ನು ಕೆಳಗಿನ ಮಹಡಿಗೆ, ದೂರು ವಿಭಾಗಕ್ಕೆ... "ಅಲ್ಲಿ ಅನುಭವಸ್ಥರು ಬೇಕಾಗಿದಾರೆ."

ಕೆಳಗಿನ ಮಹಡಿ ಎಂದರೆ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ದಿನಕ್ಕೆ ಎಂಬತ್ತು ಸಲ "ಕ್ಷಮಿಸಿ" ಅನ್ನುವ ಕೆಲಸ. ಐವತ್ತೊಂದನೇ ವಯಸ್ಸಿನಲ್ಲಿ.

ಇಲ್ಲೇ ಒಮ್ಮೆ ಬರೆದುಕೊಳ್ಳುತ್ತೇನೆ, ಅಭಿಪ್ರಾಯಕ್ಕೆ ಬೇಕಾಗುತ್ತದೆ. ನಮ್ಮದು ಹನ್ನೊಂದು ಡಯಾಲಿಸಿಸ್ ಕೇಂದ್ರಗಳಲ್ಲಿ ಯಾವ ಕುರ್ಚಿ ಯಾವ ಹೊತ್ತಿಗೆ ಯಾರಿಗೆ ಎಂದು ತೋರಿಸುವ ಆ್ಯಪ್. ಹಳೆಯ ರಚನೆಯಲ್ಲಿ ಆ್ಯಪ್‌ನ ಪ್ರತಿ ಪರದೆಯೂ, ಅಂದರೆ ಸ್ಕ್ರೀನೂ, ಒಂದೇ ಫೈಲಿನಲ್ಲಿ ಹೆಸರು ಬರೆಸಬೇಕು. ಯಾರಿಗೆ ಏನು ಬೇಕೋ ಆ ಫೈಲೇ ಹಂಚುತ್ತದೆ. ಸಾವಿರದ ಇನ್ನೂರು ಸಾಲು. ಒಂಬತ್ತು ವರ್ಷದಿಂದ ನಾನೇ ಬರೆದದ್ದು. ಆಫೀಸಿನಲ್ಲಿ ಅದಕ್ಕೆ "ಅಕ್ಕನ ಪಟ್ಟಿ" ಎಂದೇ ಹೆಸರು. ಹೊಸ ರಚನೆಯಲ್ಲಿ ಪಟ್ಟಿಯೇ ಇಲ್ಲ. ಪ್ರತಿ ಪರದೆಯೂ ತನಗೆ ಬೇಕಾದ್ದನ್ನು ತಾನೇ ಹೇಳಿಕೊಳ್ಳುತ್ತದೆ.

ಪಕ್ಕದ ಡೆಸ್ಕಿನವನು, ಅವಳಿ ಹೆಣ್ಣುಮಕ್ಕಳ ಅಪ್ಪ, ಅದಕ್ಕೇ ಎಲ್ಲರ ಬಾಯಲ್ಲಿ "ಡಬಲ್". ಅವನು ನಗುತ್ತಾ ಹೇಳಿದ: "ಇಷ್ಟು ದಿನ ಒಟ್ಟು ಕುಟುಂಬ ಅಕ್ಕ. ಇನ್ಮೇಲೆ ಎಲ್ರದ್ದೂ ಬೇರೆ ಒಲೆ."

ನಾನೂ ನಕ್ಕೆ. ಮನೆ ಪಾಲಾದಾಗ ಹಿರೀ ಸೊಸೆಯ ಗತಿ ಏನು ಅಂತ ಅವನಿಗೇನು ಗೊತ್ತು.

ಫೆಬ್ರವರಿ ೫, ಬುಧವಾರ. ಸಂಜೆ ೭

ಹೊಸ ರಚನೆಯ ಬಗ್ಗೆ ಅದನ್ನು ಮಾಡಿದವರು ಬರೆದಿರುವ ಮಾರ್ಗದರ್ಶಿ ಓದಿದೆ. ಮೂರು ಸಲ. ಮೊದಲನೇ ಸಲ ನಿದ್ದೆ ಬಂತು. ಎರಡನೇ ಸಲ ಸಿಟ್ಟು ಬಂತು. ಮೂರನೇ ಸಲ ಅರ್ಥವಾಗತೊಡಗಿತು, ಅದೇ ಹೆಚ್ಚು ಬೇಜಾರು.

ಇವರನ್ನು ಕೇಳಿದೆ. ಮೂವತ್ತು ವರ್ಷ ಲಿಫ್ಟ್ ರಿಪೇರಿ ಮಾಡಿದ ಮನುಷ್ಯ, ಯಂತ್ರದ ವಿಷಯದಲ್ಲಿ ಗಂಡನ ಮಾತಿಗೆ ತೂಕ ಕೊಡುತ್ತೇನೆ. ಬೇರೆ ವಿಷಯ ಬೇಡ. ಬಾಲ್ಕನಿಯಲ್ಲಿ ಕೂತು ಬೂಟಿನ ಅಟ್ಟೆಗೆ ಗೋಂದು ಹಚ್ಚುತ್ತಿದ್ದರು.

"ಹೊಸ ಲಿಫ್ಟ್ ಹಾಕೋ ಮುಂಚೆ ಹಳೇ ಮೆಕ್ಯಾನಿಕ್‌ನ ಕೇಳಿದ್ರೆ ಏನಂತಾನೆ ಹೇಳು? ಹಳೇದೇ ಗಟ್ಟಿ ಅಂತಾನೆ. ನಾನೂ ಅಂದಿದೀನಿ."

"ಅದು ನಿಜ ಆಗಿತ್ತಾ?"

"ಒಂದೊಂದ್ ಸಲ" ಎಂದರು. ಗೋಂದು ಒಣಗುವವರೆಗೆ ಅಟ್ಟೆಯನ್ನು ಒತ್ತಿ ಹಿಡಿದುಕೊಂಡೇ ಇದ್ದರು.

ಫೆಬ್ರವರಿ ೭, ಶುಕ್ರವಾರ. ಮಧ್ಯಾಹ್ನ ೪

ಬರೀ ಓದಿ ಹೇಳಲಾಗದು, ಒಂದು ಪರದೆಯನ್ನಾದರೂ ಹೊಸ ರಚನೆಗೆ ತಂದು ನೋಡೋಣ ಎಂದು ಡಬಲ್‌ಗೆ ಹೇಳಿದ್ದೆ. ಕುರ್ಚಿಗಳ ಪರದೆಯನ್ನೇ ಆರಿಸಿದ. ಎರಡೇ ದಿನದಲ್ಲಿ ಮುಗಿಸಿದ್ದಾನೆ. ನನಗಾದರೆ ಎರಡು ವಾರ.

ಇವತ್ತೆಲ್ಲ ಪ್ರಶ್ನೆ ಕೇಳಿ ಕೇಳಿ ಪ್ರಾಣ ತಿಂದ. ಪಟ್ಟಿಯ ಒಂದೊಂದು ಸಾಲಿನ ಮೇಲೂ ಬೆರಳಿಟ್ಟು — "ಇದು ಬೇಕಾ ಅಕ್ಕ? ಇದು?" ನಾನೂರ ಹನ್ನೆರಡನೇ ಸಾಲಿಗೆ ಬಂದಾಗ ತಲೆ ಸಿಡಿಯುತ್ತಿತ್ತು. "ಈ ಟೆಂಪ್-ಟು ಅಂತ ಇದ್ಯಲ್ಲ, ಇದೇನು?" ನೋಡಲೇ ಇಲ್ಲ. "ಅದೇನೋ ಹಳೇದಪ್ಪ, ಬಿಡು" ಅಂದೆ. ಬಿಟ್ಟ.

ಅಭಿಪ್ರಾಯದ ಪುಟ ಇನ್ನೂ ಖಾಲಿ.

ಫೆಬ್ರವರಿ ೧೦, ಸೋಮವಾರ. ೧೨.೧೫

ಪರೀಕ್ಷಿಸಿದೆ. ಬೇಕೆಂತಲೇ ತಪ್ಪು ಹುಡುಕಿದೆ, ಸುಳ್ಳೇಕೆ. ಕುರ್ಚಿ ಸೇರಿಸಿದೆ, ತೆಗೆದೆ, ರೋಗಿಯ ಹೆಸರು ಬದಲಿಸಿದೆ. ಪ್ರತಿ ಸಲವೂ ಎಡಗೈ ತಾನಾಗಿ ಹೋಗಿ ರಿಫ್ರೆಶ್ ಒತ್ತುತ್ತದೆ. ನಮ್ಮ ಮಹಡಿಯಲ್ಲಿ ಎಲ್ಲರಿಗೂ ಇದೇ ಚಟ. ಉಸಿರಾಡಿದ ಹಾಗೆ ರಿಫ್ರೆಶ್ ಒತ್ತುತ್ತೇವೆ. ಎಲ್ಲ ಸರಿಯಾಗಿ ಬಂತು. ಮೊದಲಿಗಿಂತ ಬೇಗ ಬಂತು. ಡಬಲ್ ಬರೆದದ್ದನ್ನು ಓದಿದರೆ, ಪರದೆಗೆ ಏನೇನು ಬೇಕು ಎನ್ನುವುದು ಅಲ್ಲೇ ಮೇಲ್ಗಡೆ ಇದೆ. ಯಾರನ್ನೂ ಕೇಳಬೇಕಾಗಿಲ್ಲ.

ಯಾರನ್ನೂ ಅಂದರೆ ನನ್ನನ್ನು.

ಈಗಷ್ಟೇ ಮ್ಯಾನೇಜರ್ ಎದುರು ಸಿಕ್ಕ. "ಹೇಗಿದೆ ಮೇಡಂ?" "ಹೊಸದು ಇನ್ನೂ ಪಕ್ವ ಆಗಿಲ್ಲ ಅನ್ಸತ್ತೆ" ಅಂದೆ. ಬಾಯಿಂದ ಹಾಗೆ ಬಂದುಬಿಟ್ಟಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಫೆಬ್ರವರಿ ೧೧, ಮಂಗಳವಾರ

ಅತಿ ಚಿಕ್ಕ ಕೇಂದ್ರಕ್ಕೆ, ನಾಲ್ಕೇ ಕುರ್ಚಿ ಇರುವುದಕ್ಕೆ, ಹೊಸ ಪರದೆಯನ್ನು ಕಳಿಸಿದೆವು. ಒಂದು ವಾರ ನೋಡುವುದು, ಆಮೇಲೆ ನಿರ್ಧಾರ. ಡಬಲ್‌ಗೆ ಖುಷಿ. ಮಕ್ಕಳ ಫೋಟೊ ತೋರಿಸಿದ. ಇಬ್ಬರೂ ಬಕೆಟ್‌ನೊಳಗೆ ನಿಂತಿದ್ದಾರೆ. ಯಾರು ಯಾರು ಅಂತ ಅವನಿಗೂ ಹೇಳಲಾಗಲಿಲ್ಲ.

ಮಣಿಕಟ್ಟು ನೋವು. ಬೇಗ ಹೊರಟೆ.

ಫೆಬ್ರವರಿ ೧೩, ಗುರುವಾರ. ೧೦.೨೦

ಆ ಚಿಕ್ಕ ಕೇಂದ್ರದ ಹಿರಿಯ ನರ್ಸ್ ಫೋನ್ ಮಾಡಿದ್ದರು. ಫೋನಿನಿಂದ ಕಿವಿಯನ್ನು ದೂರ ಹಿಡಿದುಕೊಳ್ಳಬೇಕಾಯಿತು.

"ಏನಮ್ಮಾ ಇದು? ಮೂರನೇ ಕುರ್ಚಿ ಖಾಲಿ ಅಂತ ನಿಮ್ಮ ಸ್ಕ್ರೀನೇ ಹೇಳ್ತಿದೆ. ಖಾಲಿ ಇದೆ ಬನ್ನಿ ಅಂತ ಕರೆದಿದೀನಿ. ಈಗ ನೋಡಿದ್ರೆ ಇಬ್ರು ಬಂದು ನಿಂತಿದಾರೆ! ಒಬ್ಬರು ರಿಟೈರ್ಡ್ ಟೀಚರಮ್ಮ. ಕಾಲು ಹೀಗೆ ಊದಿದೆ. ಬೆಳಿಗ್ಗೆ ಏಳರಿಂದ ಬೆಂಚ್ ಮೇಲೆ ಕೂತಿದಾರೆ."

ಇನ್ನೊಬ್ಬ ರೋಗಿಗೆ ಆ ಕುರ್ಚಿಯನ್ನು ನಿನ್ನೆಯೇ ಬೇರೆ ಕೇಂದ್ರದಿಂದ ಬರೆಸಿದ್ದರು. ಈ ನರ್ಸ್ ಪರದೆ ತೆರೆದದ್ದು ನಿನ್ನೆ ಬೆಳಿಗ್ಗೆ. ಮುಚ್ಚೇ ಇಲ್ಲ. ಅದು ನಿನ್ನೆ ಬೆಳಗಿನದನ್ನೇ ತೋರಿಸುತ್ತಾ ಕೂತಿದೆ.

"ರಿಫ್ರೆಶ್ ಮಾಡಿದ್ರಾ?" ಅಂತ ಕೇಳಿದೆ.

"ಅದ್ಯಾಕೆ ಮಾಡ್ಬೇಕು? ಇಷ್ಟು ವರ್ಷ ತಾನೇ ಬದಲಾಗ್ತಿತ್ತಲ್ಲ" ಎಂದರು.

ಅದೇ ದಿನ, ೨.೦೦

ತುರ್ತು ಮೀಟಿಂಗ್. ಹೊಸ ಪರದೆ ವಾಪಸ್, ಹಳೆಯದು ಮತ್ತೆ ಜಾಗಕ್ಕೆ. ಟೀಚರಮ್ಮನಿಗೆ ಹನ್ನೆರಡೂವರೆಗೆ ಕುರ್ಚಿ ಸಿಕ್ಕಿತಂತೆ. ಐದೂವರೆ ಗಂಟೆ ಬೆಂಚಿನ ಮೇಲೆ. ಏನೂ ಆಗಲಿಲ್ಲ, ಪುಣ್ಯ. ಆಗಬಹುದಿತ್ತು.

ಮ್ಯಾನೇಜರ್ ಎಲ್ಲರ ಎದುರಿಗೇ ಡಬಲ್‌ನನ್ನು ಝಾಡಿಸಿದ. "ಪರೀಕ್ಷೆ ಮಾಡಿದ್ರಾ, ಅಥವಾ ಹೊಸದು ಅಂತ ಕುಣಿದಾಡಿದ್ರಾ?" ಡಬಲ್ ಮುಖ ಕೆಂಪಗೆ. "ನನ್ನ ತಪ್ಪು ಸರ್. ಎಲ್ಲೋ ನಾನು ನೋಡ್ಲಿಲ್ಲ" ಎಂದ. ಮ್ಯಾನೇಜರ್ ನನ್ನ ಕಡೆ ತಿರುಗಿ, "ಪಕ್ವ ಆಗಿಲ್ಲ ಅಂತ ಮೇಡಂ ಅವತ್ತೇ ಹೇಳಿದ್ರು" ಎಂದ.

ಎಲ್ಲರೂ ನನ್ನನ್ನೇ ನೋಡಿದರು. ಗೌರವದಿಂದ.

ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಇನ್ನು ಒಂದು ಪುಟ ಬರೆಯುವುದು ಕಷ್ಟವಲ್ಲ. ಬೇಡ, ಕಾಯೋಣ, ಸಹಿ.

ಅದೇ ದಿನ, ೫.೪೦

ತಾನೇ ಬದಲಾಗುತ್ತಿತ್ತು ಎಂದ ನರ್ಸ್ ಮಾತು ಕಿವಿಯಲ್ಲೇ ಕೂತಿತ್ತು. ಹೇಗೆ ಬದಲಾಗುತ್ತಿತ್ತು? ಪಟ್ಟಿ ತೆರೆದೆ. ನಾನೂರ ಹನ್ನೆರಡನೇ ಸಾಲು.

ಟೆಂಪ್-ಟು.

ಒಂಬತ್ತು ವರ್ಷದ ಹಿಂದೆ ಇದೇ ನರ್ಸ್ ಒಮ್ಮೆ ದೂರಿದ್ದರು, ಪರದೆ ಹಳೆಯದನ್ನೇ ತೋರಿಸುತ್ತೆ ಅಂತ. ಅವಸರದಲ್ಲಿ ಒಂದು ಸಣ್ಣ ಗಡಿಯಾರ ಬರೆದು ಪಟ್ಟಿಗೆ ಸಿಕ್ಕಿಸಿದ್ದೆ. ಪಟ್ಟಿಯಲ್ಲಿ ಹೆಸರಿರುವ ಪ್ರತಿ ಪರದೆಯನ್ನೂ ಅದು ಅರ್ಧ ನಿಮಿಷಕ್ಕೊಮ್ಮೆ ಸದ್ದಿಲ್ಲದೆ ಹೊಸದಾಗಿಸುತ್ತದೆ. ಸರಿಯಾದ ಹೆಸರು ಆಮೇಲೆ ಇಡೋಣ, ವಿವರಣೆ ಆಮೇಲೆ ಬರೆಯೋಣ ಅಂದುಕೊಂಡಿದ್ದೆ. ಟೆಂಪ್, ಅಂದರೆ ತಾತ್ಕಾಲಿಕ, ಅಂತ ಹೆಸರಿಟ್ಟದ್ದೇ ಶಾಶ್ವತವಾಗಿ ಉಳಿಯುವುದು ನಮ್ಮ ಕಸುಬಿನ ಹಣೆಬರಹ.

ಪರದೆ ಪಟ್ಟಿಯಿಂದ ಹೊರಗೆ ಬಂದಾಗ ಆ ಗಡಿಯಾರ ಹಿಂದೆಯೇ ಉಳಿಯಿತು. ಹೊಸ ರಚನೆಯದೇನೂ ತಪ್ಪಿಲ್ಲ. ಡಬಲ್‌ನದೂ ಇಲ್ಲ. ಅವನು ಕೇಳಿದ್ದ. ಬಿಡು ಅಂದವಳು ನಾನು. ಆಮೇಲೆ ಇಬ್ಬರೂ ಎಡಗೈಯಲ್ಲಿ ರಿಫ್ರೆಶ್ ಒತ್ತಿ ಒತ್ತಿ, ಎಲ್ಲ ಸರಿಯಿದೆ ಎಂದುಕೊಂಡೆವು.

ಹೊಸ ಪರದೆಗೆ ಗಡಿಯಾರ ಸೇರಿಸಿ ನೋಡಿದೆ. ಆರು ಸಾಲು. ಇಪ್ಪತ್ತು ನಿಮಿಷ. ರಿಫ್ರೆಶ್ ಮುಟ್ಟದೆ ಕೈಕಟ್ಟಿ ಕೂತೆ. ತಾನೇ ಬದಲಾಯಿತು.

ನನ್ನ ಕಂಪ್ಯೂಟರಿನಲ್ಲೇ ಉಳಿಸಿದೆ. ಕಳಿಸಲಿಲ್ಲ.

ಫೆಬ್ರವರಿ ೧೭, ಸೋಮವಾರ. ೧.೩೦

ಅರ್ಧ ದಿನ ರಜೆ ಹಾಕಿ ಆ ಚಿಕ್ಕ ಕೇಂದ್ರಕ್ಕೆ ಹೋಗಿದ್ದೆ. ಯಾಕೆ ಅಂತ ಇವರು ಕೇಳಿದರು. ಹಲ್ಲುನೋವು ಅಂದೆ.

ಒಂದು ಉದ್ದ ಕೋಣೆ, ನೀಲಿ ಬಟ್ಟೆಯ ಪರದೆ, ನಾಲ್ಕು ಕುರ್ಚಿ. ಯಂತ್ರಗಳ ಗುಂಯ್‌ಗುಡುವ ಸದ್ದು. ಬಾಗಿಲ ಪಕ್ಕದ ಬೆಂಚು ಕಬ್ಬಿಣದ್ದು, ಒರಗಿಕೊಳ್ಳಲು ಏನೂ ಇಲ್ಲ. ಅದರ ಮೇಲೆ ಹತ್ತು ನಿಮಿಷ ಕೂತೆ. ಸೊಂಟ ಹಿಡಿಯಿತು. ಐದೂವರೆ ಗಂಟೆ.

ಹಿರಿಯ ನರ್ಸ್ ಫೋನಿನಲ್ಲಿ ಇದ್ದಷ್ಟು ಜೋರಿಲ್ಲ. ನನ್ನನ್ನು ಒಂಬತ್ತು ವರ್ಷದಿಂದ ದನಿಯಲ್ಲಷ್ಟೇ ಬಲ್ಲವರು. "ನೀವೇನಾ? ಇಷ್ಟು ಸಣ್ಣಗಿದೀರಾ?" ಎಂದು ನಕ್ಕರು. ಆಮೇಲೆ ಹೇಳಿದರು: "ಶನಿವಾರ ನಿಮ್ಮ ಆಫೀಸಿನವರು ಬಂದಿದ್ರು. ಎರಡು ಮಕ್ಕಳು ಜೊತೆಗೆ, ಒಂದೇ ಥರ ಇದಾವೆ ಎರಡೂ. ಟೀಚರಮ್ಮ ಬರೋ ದಿನ ಕೇಳ್ಕೊಂಡೇ ಬಂದಿದ್ರು. ಅವ್ರ ಹತ್ರ ಕೂತು, ನನ್ನಿಂದ ನಿಮಗೆ ತೊಂದ್ರೆ ಆಯ್ತು, ತಪ್ಪಾಯ್ತು ಅಂದ್ರು. ಟೀಚರಮ್ಮ ಬೈಲಿಲ್ಲ. ಹೋಗ್ಲಿ ಬಿಡಪ್ಪಾ ಅಂದು ಮಕ್ಕಳಿಗೆ ಮಗ್ಗಿ ಕೇಳಿದ್ರು."

ಹೊರಗೆ ಬಂದು ಬಸ್‌ಸ್ಟಾಪಿನಲ್ಲಿ ನಿಂತೆ. ಎರಡು ಬಸ್ಸು ಬಿಟ್ಟೆ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಕಳ್ಳ ಅಂತ ಯಾರೂ ಅಂದೇ ಇಲ್ಲ, ಅದೇ ತೊಂದರೆ. ಎಲ್ಲರೂ ಮೇಡಂ ಹೇಳಿದ್ದರು, ಅಕ್ಕ ಹೇಳಿದ್ದರು ಅನ್ನುತ್ತಾರೆ. ತುಂಬ ನಾಚಿಕೆಯಾಗುತ್ತಿದೆ.

ಫೆಬ್ರವರಿ ೧೮, ಮಂಗಳವಾರ. ೩.೦೦

ಹೇಳಿದೆ.

ಒಂದು ಪುಟ ಬರೆದುಕೊಂಡು ಹೋಗಿದ್ದೆ: ಹೊಸ ರಚನೆಗೆ ಹೋಗೋಣ, ವಾರಕ್ಕೊಂದು ಪರದೆ, ಅವಸರವಿಲ್ಲದೆ. ಅದನ್ನು ಓದುವ ಮೊದಲು ಹೇಳಿದೆ, ಗುರುವಾರದ ತಪ್ಪು ನನ್ನದು. ಟೆಂಪ್-ಟು ಏನು, ಯಾಕೆ, ಯಾರಿಗೂ ಹೇಳದೆ ಇಟ್ಟದ್ದು, ಡಬಲ್ ಕೇಳಿದಾಗ ನೋಡದೆ ಬಿಡು ಅಂದದ್ದು. ಮಧ್ಯೆ ಎರಡು ಸಲ ನೀರು ಕುಡಿದೆ.

ಮ್ಯಾನೇಜರ್ ಕೇಳಿಸಿಕೊಂಡ. "ಓ, ಹಾಗಾ. ಸರಿ, ನೋಟ್ಸ್‌ನಲ್ಲಿ ಹಾಕ್ಬಿಡಿ ಮೇಡಂ. ಹಾಗಾದ್ರೆ ಹೊಸದಕ್ಕೆ ಹೋಗೋಣ. ಜೂನ್‌ವರೆಗೆ ನೀವು ಇಲ್ಲಿ, ಆಮೇಲೆ ಕೆಳಗೆ. ಮುಂದಿನ ವಿಷಯ, ಪಾರ್ಕಿಂಗ್."

ಅಷ್ಟೇ. ನನ್ನ ಒಂಬತ್ತು ವರ್ಷ ಮೂರು ವಾಕ್ಯದಲ್ಲಿ ಮುಗಿಯಿತು. ಕಾರು ನಿಲ್ಲಿಸುವ ಜಾಗದ ಮೇಲೆ ನಲವತ್ತು ನಿಮಿಷ ಮಾತಾಡಿದರು.

ಡಬಲ್ ಹೊರಗೆ ಕಾಯುತ್ತಿದ್ದ. ಕಣ್ಣು ಒದ್ದೆ. "ಥ್ಯಾಂಕ್ಸ್ ಅಕ್ಕ. ನಾನು ರಾತ್ರಿಯೆಲ್ಲ ಕೂತು ಎಲ್ಲಿ ತಪ್ಪು ಮಾಡ್ದೆ ಅಂತ ಹುಡುಕ್ತಿದ್ದೆ. ಹುಚ್ಚೇ ಹಿಡಿದಿತ್ತು." ಕೆಳಗೆ ಹೋಗುವ ಬೇಸರ ಆ ಕ್ಷಣ ಹಗುರವಾಯಿತು. ಮಧ್ಯಾಹ್ನವೇ ಆ ಆರು ಸಾಲುಗಳನ್ನು ಎಲ್ಲರಿಗೂ ಸಿಗುವಂತೆ ಕಳಿಸಿದೆ.

ಮೈಯೆಲ್ಲ ಸುಸ್ತು. ಆದರೆ ಒಳ್ಳೆಯ ಸುಸ್ತು.

ಫೆಬ್ರವರಿ ೧೯, ಬುಧವಾರ. ೯.೩೫

ಬಂದ ಕೂಡಲೇ ಡಬಲ್ ನನ್ನ ಡೆಸ್ಕಿನ ಪಕ್ಕ ನಿಂತ. ಕೂರಲಿಲ್ಲ.

ನಮ್ಮ ಕೆಲಸದಲ್ಲಿ ಬರೆದ ಪ್ರತಿ ಸಾಲಿಗೂ ತಾರೀಕು ಅಂಟಿಕೊಂಡಿರುತ್ತದೆ. ಕಳಿಸಿದ ದಿನದ್ದಲ್ಲ, ಉಳಿಸಿದ ದಿನದ್ದು. ಮೂವತ್ತು ವರ್ಷ ಈ ಕಸುಬು ಮಾಡಿದವಳಿಗೆ ಅದು ಹೊಳೆಯಲಿಲ್ಲ.

"ಹದಿಮೂರನೇ ತಾರೀಕು ಅಂತಿದೆ" ಎಂದ. "ಗುರುವಾರ ಸಂಜೆ ಐದೂ ಇಪ್ಪತ್ತೆಂಟು."

"ಹೌದು."

"ಐದು ದಿನ ಗೊತ್ತಿತ್ತಾ ಅಕ್ಕ?"

ಕನ್ನಡಕ ತೆಗೆದು ಒರೆಸಿದೆ.

"ಶನಿವಾರ ನಾನು..." ಅಂದ. ತನ್ನ ಜಾಗಕ್ಕೆ ಹೋಗಿ ಕೂತ.

ಫೆಬ್ರವರಿ ೨೫, ಮಂಗಳವಾರ

ಕೆಲಸ ನಡೆದಿದೆ. ಎರಡು ಪರದೆ ಹೊಸ ರಚನೆಗೆ ಹೋದವು. ಕುರ್ಚಿಗಳದ್ದು ಗಡಿಯಾರದ ಸಮೇತ, ಸರಿಯಾದ ಹೆಸರಿನೊಂದಿಗೆ. ನರ್ಸ್ ಕಡೆಯಿಂದ ದೂರಿಲ್ಲ.

ಡಬಲ್ ಏನು ಬೇಕಿದ್ದರೂ ಕೇಳುತ್ತಾನೆ, ಸೌಜನ್ಯಕ್ಕೆ ಕಮ್ಮಿಯಿಲ್ಲ. "ಮೇಡಂ, ಈ ಸಾಲು ನೋಡ್ತೀರಾ." "ಆಯ್ತು ಮೇಡಂ." ಇಡೀ ಮಹಡಿಯಲ್ಲಿ ಮೇಡಂ ಅನ್ನುತ್ತಿದ್ದವನು ಮ್ಯಾನೇಜರ್ ಒಬ್ಬನೇ. ಈಗ ಇಬ್ಬರು.

ಬೈದಿದ್ದರೆ ವಾಸಿಯಿತ್ತು.

ಮಾರ್ಚ್ ೪, ಮಂಗಳವಾರ. ಸಂಜೆ ೬.೩೦

ಪಟ್ಟಿಯಲ್ಲಿ ನಾನು ಹೇಳದೆ ಇಟ್ಟದ್ದನ್ನೆಲ್ಲ ಬರೆದಿಡುತ್ತಿದ್ದೇನೆ. ಯಾರೂ ಕೇಳಿಲ್ಲ, ನಾನೇ. ಹದಿನೇಳು ಸಿಕ್ಕಿವೆ. ಭಾನುವಾರ ಮಾತ್ರ ಎಚ್ಚರವಾಗುವ ಒಂದು. ಯಾವ ಪರದೆಗೂ ಬೇಡದ, ಆದರೆ ತೆಗೆದರೆ ಎಲ್ಲ ಕೆಡುವ ಒಂದು. ಬರೆಯುತ್ತಾ ಹೋದ ಹಾಗೆ ಗೊತ್ತಾಗುತ್ತಿದೆ, ಇವು ಮರೆತು ಉಳಿದವಲ್ಲ. ಯಾರಿಗೂ ಗೊತ್ತಿಲ್ಲದಿದ್ದರೆ ನನ್ನನ್ನೇ ಕೇಳಬೇಕಲ್ಲ, ಆ ಸುಖಕ್ಕೆ ಉಳಿಸಿಕೊಂಡದ್ದು. ಬೇಕಂತಲೇ ಅಲ್ಲ. ಬೇಡ ಅಂತಲೂ ಅಲ್ಲ.

ಇವರಿಗೆ ಎಲ್ಲ ಹೇಳಿದೆ, ಹಲ್ಲುನೋವಿನದ್ದೂ ಸೇರಿಸಿ. "ಅವನ ಹತ್ರ ಮಾತಾಡಿದ್ಯಾ?" ಎಂದರು.

"ಮೀಟಿಂಗ್‌ನಲ್ಲಿ ಎಲ್ರ ಎದುರಿಗೇ ಹೇಳಿದ್ನಲ್ಲ."

"ಎಲ್ರಿಗೂ ಹೇಳಿದ್ದು ಬಿಡು. ಅವನಿಗೆ?"

ಮಾರ್ಚ್ ೧೦, ಸೋಮವಾರ. ೧೨.೫೦

ಬೆಳಿಗ್ಗೆ ಡಬಲ್ ಕುರ್ಚಿ ಎಳೆದುಕೊಂಡು ಬಂದು ಕೂತ. ಹದಿನೇಳರ ಪಟ್ಟಿ ಓದಿದ್ದಾನೆ. ಹನ್ನೊಂದನೆಯದು ಅರ್ಥವಾಗಲಿಲ್ಲವಂತೆ. ವಿವರಿಸಿದೆ. ತಲೆಯಾಡಿಸಿದ. ಎದ್ದು ಹೋಗಲಿಲ್ಲ. ಪರದೆ ನೋಡುತ್ತಲೇ ಕೇಳಿದ: "ಆ ಐದು ದಿನ ಏನ್ ಮಾಡ್ತಿದ್ರಿ?"

ಮೇಡಂ ಅನ್ನಲಿಲ್ಲ. ಅಕ್ಕ ಅಂತಲೂ ಅನ್ನಲಿಲ್ಲ.

ಬಾಯಿ ತೆರೆದೆ. ಅಷ್ಟರಲ್ಲಿ ಯಾರೋ ಅವನನ್ನು ಕರೆದರು. "ಒಂದು ಗಂಟೆಗೆ ಬರ್ತೀನಿ" ಎಂದು ಹೋದ. ಇನ್ನು ಹತ್ತು ನಿಮಿಷ. ಏನು ಹೇಳಲಿ? ಇಲ್ಲಿ ಬರೆದು ನೋಡುತ್ತೇನೆ, ಸುಳ್ಳು ಬಂದರೆ ಕಾಣುತ್ತದೆ.

ಗುರುವಾರ, ನಿನ್ನನ್ನು ಬೈಯುವಾಗ ನನಗೆ ಸಮಾಧಾನವಾಗಿತ್ತು. ಸಂಜೆ ಸತ್ಯ ಗೊತ್ತಾದ ಮೇಲೂ ಅದು ಪೂರ್ತಿ ಹೋಗಲಿಲ್ಲ. ಶುಕ್ರವಾರ ನೀನು ಊಟ ಮಾಡಲಿಲ್ಲ. ನೋಡಿದೆ. ನನ್ನ ಡಬ್ಬಿ ಖಾಲಿ ಮಾಡಿದೆ. ಆ ಎರಡು ವಾರದಲ್ಲಿ ಮೊದಲ ಸಲ ರುಚಿಸಿತ್ತು. ಶನಿವಾರ... ನೀನು ಮಕ್ಕಳ ಕೈ ಹಿಡಿದುಕೊಂಡು ಆ ಬೆಂಚಿನ ಹತ್ತಿರ ಹೋದ ಹೊತ್ತಿಗೆ ನಾನು ಮಲಗಿದ್ದೆ ಕಣೋ. ಒಳ್ಳೆ ನಿದ್ದೆ. ಕನಸಿಲ್ಲದ್ದು. ಎದ್ದಾಗ ಮಣಿಕಟ್ಟು ಕೂಡ ನೋಯುತ್ತಿರಲಿಲ್ಲ. ಇನ್ನು ಕೆಳಗೆ ಹೋಗಬೇಕಿಲ್ಲ, ಇಲ್ಲೇ ಇರುತ್ತೇನೆ ಅಂದುಕೊಂಡು ಸಂಜೆ ಡೆಸ್ಕಿಗೆ ಅಂತ ಒಂದು ಹೊಸ ದೀಪ ಕೊಂಡುತಂದೆ.

ಭಾನುವಾರ... ಕುರ್ಚಿ ಎಳೆಯುವ ಸದ್ದು, ಅವನು ಬಂದ.